ನಾಸ್ತಿಕನ ಆಶೀರ್ವಾದ

ದೇವರಿದ್ದಾನೆಂದು ನಂಬದವನೊಬ್ಬನು ಇತರರನ್ನು ದೇವರ ಹೆಸರಿನಲ್ಲಿ ಹರಸಬಹುದೆ? ಹರಸಿದನೆಂದೇ ಇಟ್ಟುಕೊಂಡರೂ ಆ ಮಾತಿನಲ್ಲಿ ಹುರುಳೇನಾದರೂ ಉಂಟೆ? ಪಂಡಿತರ ವಾಕ್ಯಾರ್ಥಸಭೆಯಲ್ಲಿ ಹುಟ್ಟಬೇಕಾಗಿದ್ದ ಈ ಪ್ರಶ್ನೆ ಬ್ರಿಟನ್ನಿನ ದೂರದರ್ಶನದ ಒಂದು ನಗೆಯ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಹುಟ್ಟುತ್ತಲೇ ಇದ್ದಿತು. 1971ರಿಂದ 1979ರವರೆಗೆ ಬಿ.ಬಿ.ಸಿ.ಯವರು ಬಿತ್ತರಿಸಿದ ‘ಡೇವ್ ಅಲೆನ್ ಅಟ್ ಲಾರ್ಜ್’ ಎಂಬ ಕಾರ್ಯಕ್ರಮದಲ್ಲಿ ಐರ್ಲೆಂಡಿನ ವಿನೋದಗಾರನಾದ ಡೇವ್ ಅಲೆನ್ ಎತ್ತರದ ಪೀಠವೊಂದರ ಮೇಲೆ ಕುಳಿತು, ಬೆರಳ ಸಂದಿನಲ್ಲಿ ಸಿಗರೇಟನ್ನೂ ಪಕ್ಕದಲ್ಲಿ ಪಾನೀಯದ ಗ್ಲಾಸನ್ನೂ ಇರಿಸಿಕೊಂಡು, ಪಾದ್ರಿಗಳನ್ನೂ ಸಂನ್ಯಾಸಿನಿಯರನ್ನೂ ಪಾಪನಿವೇದನೆಯ ಕಟಕಟೆಯನ್ನೂ ಸ್ವಯಂ ಪೋಪ್ ಮಹಾಶಯರನ್ನೂ ಹಾಸ್ಯದ ಒರೆಗೆ ಹಚ್ಚಿದ ಬಳಿಕ, ಸಭೆಗೆ ವಂದಿಸಿ, ನಿಮ್ಮ ದೇವರು ನಿಮ್ಮೊಡನೆ ಬರಲಿ ಎಂದು ಹರಸಿ ಬೀಳ್ಕೊಡುತ್ತಿದ್ದನು. ತಾನು ನಾಸ್ತಿಕನೆಂಬುದನ್ನು ಆತ ಎಂದೂ ಮುಚ್ಚಿಟ್ಟವನಲ್ಲ. ಹಾಗಿರುವಾಗ ಆ ಬೀಳ್ಕೊಡುಗೆ ಕೊಂಕೋ, ಶಿಷ್ಟಾಚಾರವೋ, ಅಥವಾ ಇವೆರಡನ್ನೂ ಮೀರಿದ ಯಾವುದಾದರೂ ಭಾವವೋ ಎಂಬ ಜಿಜ್ಞಾಸೆಗೆ ಆತನ ಜೀವಿತವನ್ನೇ ಕೊಂಚ ವಿಚಾರಿಸಬೇಕಾಗುತ್ತದೆ.

ಡಬ್ಲಿನ್ ನಗರದ ಅಂಚಿನ ಫರ್‌ಹೌಸ್ ಎಂಬಲ್ಲಿ 1936ರ ಜುಲೈ 6ರಂದು ಜನಿಸಿದ ಈತನಿಗೆ ಮನೆಯವರಿಟ್ಟ ಹೆಸರು ಡೇವಿಡ್; ಮನೆತನದ ಹೆಸರು ಟೈನನ್ ಓಮಾಹನಿ. ತಂದೆ ‘ಐರಿಷ್ ಟೈಮ್ಸ್’ ಪತ್ರಿಕೆಯ ವ್ಯವಸ್ಥಾಪಕ; ತಾಯಿ ಇಂಗ್ಲೆಂಡಿನವಳು, ದಾದಿಯ ವೃತ್ತಿಯಲ್ಲಿದ್ದವಳು. ಯೇಟ್ಸ್ ಕವಿಯ ಸ್ನೇಹವಲಯಕ್ಕೆ ಸೇರಿದ್ದ ಕವಯಿತ್ರಿ ಕ್ಯಾಥರಿನ್ ಟೈನನ್ ಇವನಿಗೆ ಅಜ್ಜಿಯ ವರಸೆಯವಳು. ಹೀಗೆ ಅಕ್ಷರವೂ ಕಥೆಯೂ ಬಳಕೆಯಲ್ಲಿದ್ದ ಮನೆ ಅದು. ಮಕ್ಕಳಿಗೆ ದೆವ್ವದ ಕಥೆಗಳನ್ನು ಹೇಳುವುದರಲ್ಲಿ ತಂದೆ ನಿಪುಣನಾಗಿದ್ದನಂತೆ. ಆ ತಂದೆ ತೀರಿಕೊಂಡಾಗ ಬಾಲಕನಿಗೆ ಹನ್ನೆರಡು ವರ್ಷ.

ಆತ ಹುಟ್ಟಿದ ಮರುವರ್ಷವೇ, ಎಂದರೆ 1937ರಲ್ಲಿ, ಐರ್ಲೆಂಡು ಹೊಸ ಸಂವಿಧಾನವೊಂದನ್ನು ಅಂಗೀಕರಿಸಿತು. ದೇಶದ ಬಹುಸಂಖ್ಯಾತರ ಧರ್ಮವನ್ನು ಕಾಯುವ ಕ್ಯಾಥೊಲಿಕ್ ಚರ್ಚಿಗೆ ಅದರಲ್ಲಿ ವಿಶೇಷ ಸ್ಥಾನವೊಂದನ್ನು ಬರೆದು ಕೊಟ್ಟಿದ್ದರು, ವಿವಾಹವಿಚ್ಛೇದನವನ್ನು ನಿಷೇಧಿಸಿದ್ದರು, ದೇವನಿಂದೆಯನ್ನು ದಂಡಾರ್ಹ ಅಪರಾಧವೆಂದು ಸಾರಿದ್ದರು. ಗ್ರಂಥಗಳ ಮೇಲಣ ನಿರ್ಬಂಧದ ಶಾಸನವಾದರೋ 1929ರಿಂದಲೇ ಜಾರಿಯಲ್ಲಿತ್ತು. ಶಾಲೆ, ಆಸ್ಪತ್ರೆ, ಅನಾಥಾಲಯಗಳಲ್ಲಿ ಬಹುಪಾಲು ಧರ್ಮಸಂಘಗಳ ಕೈಯಲ್ಲಿದ್ದವು. ಡೇವಿಡ್ಡನ ವಿದ್ಯಾಭ್ಯಾಸವೂ ಸಂನ್ಯಾಸಿನಿಯರ ಮತ್ತು ಪಾದ್ರಿಗಳ ಶಾಲೆಗಳಲ್ಲಿಯೇ ನಡೆಯಿತು. ಅಲ್ಲಿ ಆತ ಕಂಡದ್ದು ಮುಖ್ಯವಾಗಿ ಬೆತ್ತ. ಅರಿತದ್ದು ಮುಖ್ಯವಾಗಿ ಭಯ. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ಮುಂದೆ ಮೂವತ್ತು ವರ್ಷಗಳ ಕಾಲ ಆತ ಪೀಠದ ಮೇಲೆ ಕುಳಿತು ಹೇಳಿದ ಕಥೆಗಳಲ್ಲಿ ಅತ್ಯುತ್ತಮವಾದವೆಲ್ಲ ಈ ಒಂದು ಗಣಿಯಿಂದಲೇ ತೆಗೆದವು.

ವೃತ್ತಿಯ ಆರಂಭದ ವಿವರಗಳನ್ನು ಬೆಳೆಸಬೇಕಾದುದಿಲ್ಲ. ಕೆಲಕಾಲ ಡ್ರೊಹೆಡದ ಪತ್ರಿಕೆಯೊಂದರಲ್ಲಿ ದುಡಿದು, ಲಂಡನ್ನಿಗೆ ಹೋಗಿ, ಅಲ್ಲಿ ಪತ್ರಿಕೆಗಳ ಬಾಗಿಲು ತೆರೆಯದೆ, ಬಟ್ಲಿನ್ ಕಂಪನಿಯ ವಿಹಾರಶಿಬಿರದಲ್ಲಿ ಕೆಂಪು ಕೋಟು ತೊಟ್ಟು ರಜೆಗೆ ಬಂದವರನ್ನು ರಂಜಿಸುವ ಕೆಲಸಕ್ಕೆ ಸೇರಿದನು. ಓಮಾಹನಿ ಎಂಬ ಹೆಸರು ಇಂಗ್ಲಿಷರ ನಾಲಿಗೆಗೆ ಒಗ್ಗದೆಂದು ಅಲೆನ್ ಆದನು. 1963ರ ಆರಂಭದಲ್ಲಿ ಹೆಲೆನ್ ಶಪೀರೊ ಎಂಬ ಗಾಯಕಿಯ ಸಂಚಾರೀ ಕಾರ್ಯಕ್ರಮಕ್ಕೆ ನಿರೂಪಕನಾಗಿದ್ದಾಗ, ಅದೇ ಮೇಳದಲ್ಲಿ ಇನ್ನೂ ಅಷ್ಟಾಗಿ ಹೆಸರಾಗದಿದ್ದ ಬೀಟಲ್ಸ್ ತಂಡದವರೂ ಇದ್ದರು. ಆ ವರ್ಷವೇ ಆಸ್ಟ್ರೇಲಿಯಕ್ಕೆ ಹೋಗಿ ದೂರದರ್ಶನದಲ್ಲಿ ಖ್ಯಾತನಾಗಿ, ನೇರ ಪ್ರಸಾರದಲ್ಲಿ ನಿರ್ಮಾಪಕನ ಮೇಲೆ ಒರಟು ಮಾತೊಂದನ್ನಾಡಿ ಅಲ್ಲಿ ನಿಷೇಧಕ್ಕೊಳಗಾದದ್ದೂ ಉಂಟು. ಬ್ರಿಟನ್ನಿಗೆ ಮರಳಿದ ಮೇಲೆ ಆತನ ನಿಜವಾದ ಕಾಲ ಆರಂಭವಾಯಿತು.

ಆತನ ಎಡಗೈಯ ತೋರುಬೆರಳಿನ ತುದಿ ಇರಲಿಲ್ಲ. ಅದು ಹೋದದ್ದು ಹೇಗೆಂಬುದಕ್ಕೆ ಕೇಳಿದವರಿಗೆಲ್ಲ ಒಂದೊಂದು ಕಥೆ. ಒಂದು ಕಥೆಗೂ ಇನ್ನೊಂದಕ್ಕೂ ತಾಳೆಯಿಲ್ಲ. ಕೇಳುವವರಿಗೆ ಅವುಗಳಲ್ಲಿ ಯಾವುದೂ ನಿಜವಲ್ಲವೆಂಬ ಗುಮಾನಿಯಿದ್ದರೂ ಮುಂದಿನ ಕಥೆಗೆ ಕಾದಿರುತ್ತಿದ್ದರು. ಇಲ್ಲದ ಬೆರಳ ತುದಿಯ ಸುತ್ತ ಒಂದು ಪುರಾಣವನ್ನೇ ಕಟ್ಟಬಲ್ಲವನಿಗೆ ಪುರಾಣಗಳು ಹುಟ್ಟುವ ಬಗೆ ತಿಳಿಯದಿರಲು ಸಾಧ್ಯವೆ? ಧರ್ಮವನ್ನು ಹೊರಗಿನಿಂದ ಖಂಡಿಸುವ ಯುಕ್ತಿವಾದಿಗೂ ಈತನಿಗೂ ಇರುವ ಅಂತರ ಇಲ್ಲಿಯೇ ಇದೆ. ಯುಕ್ತಿವಾದಿ ಕಥೆಯನ್ನು ಸುಳ್ಳೆಂದು ತೋರಿಸಿ ತೃಪ್ತನಾಗುತ್ತಾನೆ. ಅಲೆನ್ನನಿಗೆ ಕಥೆಯ ರುಚಿ ಗೊತ್ತಿತ್ತು, ಕಥೆಯನ್ನು ಬೆತ್ತದಂತೆ ಬಳಸಿದವರ ಮೇಲೆ ಮಾತ್ರ ಆತನ ಮುನಿಸು.

ಶಾಲೆಯ ಮೊದಲ ದಿನದ ಆತನ ಕಥನವನ್ನು ನೋಡಿರಿ. ಪುಟ್ಟ ಹುಡುಗನೊಬ್ಬನು ತಾಯಿಯ ಕೈಬಿಟ್ಟು ಕಪ್ಪು ಉಡುಪಿನ ಸಂನ್ಯಾಸಿನಿಯರ ನಡುವೆ ನಿಲ್ಲುತ್ತಾನೆ. ಒಳ್ಳೆಯ ಹುಡುಗನಾಗಿರುತ್ತೀಯಷ್ಟೆ ಎಂಬ ಮಾತು ಮೇಲಿನಿಂದ ಬೀಳುತ್ತದೆ. ಹುಡುಗ ತಲೆಯೆತ್ತಿದರೆ ಗೋಡೆಯ ಮೇಲೆ ಕಾಣುವುದು ಮೊಳೆ ಹೊಡೆಸಿಕೊಂಡು ತೂಗುತ್ತಿರುವ ಮನುಷ್ಯನೊಬ್ಬನ ಆಕೃತಿ. ಅಷ್ಟೇ. ದೈವಶಾಸ್ತ್ರವನ್ನು ಅರಿಯದ ಶಿಶುವಿನ ಕಣ್ಣಿಗೆ ಅದು ಲೋಕರಕ್ಷಕನ ಪ್ರತಿಮೆಯಲ್ಲ, ಹಿಂದಿನ ವರ್ಷ ಮಾತು ಕೇಳದಿದ್ದ ವಿದ್ಯಾರ್ಥಿಗೆ ಒದಗಿದ ಗತಿ. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಆದರೆ ನಗೆಯ ಬೆನ್ನಿಗೇ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ. ಪ್ರೇಮದ ಪರಮಚಿಹ್ನೆಯೆಂದು ಎರಡು ಸಾವಿರ ವರ್ಷಗಳಿಂದ ಸಾರಿದ್ದ ವಸ್ತುವೊಂದನ್ನು ಮಗುವಿಗೆ ಬೆದರಿಕೆಯಾಗಿ ತೋರಿಸಿದವರು ಯಾರು? ನಿಂದೆ ಮಾಡಿದವರು ಯಾರು, ಕಥೆ ಹೇಳಿದವನೋ, ಶಾಲೆ ನಡೆಸಿದವರೋ? ಆ ಎಳೆಯ ಬುದ್ಧಿಯ ತಪ್ಪುತಿಳಿವಳಿಕೆಯಲ್ಲಿ, ನನಗೆ ತೋರುವಂತೆ, ಅನೇಕ ಧರ್ಮೋಪದೇಶಗಳಲ್ಲಿ ಇಲ್ಲದಷ್ಟು ಧರ್ಮಚಿಂತನೆಯಿದೆ.

ದೇವರನ್ನು ಬಯ್ಯುವುದು ನಮ್ಮವರಿಗೆ ಹೊಸತಲ್ಲ. ನಿಂದಾಸ್ತುತಿಯೆಂಬ ಒಂದು ಪ್ರಕಾರವನ್ನೇ ದಾಸರು ಬೆಳೆಸಿದರು. ವಿಠ್ಠಲನನ್ನು ಕಳ್ಳನೆನ್ನಲೂ ಭಿಕಾರಿಯೆನ್ನಲೂ ಪುರಂದರದಾಸರು ಹಿಂಜರಿದವರಲ್ಲ. ಆದರೆ ಆ ನಿಂದೆಗೆ ಆಧಾರ ಸಲಿಗೆ. ಸಲಿಗೆಗೆ ಆಧಾರ ಭಕ್ತಿ. ಬಯ್ಗುಳವನ್ನು ಕೇಳಿಸಿಕೊಳ್ಳುವವನೊಬ್ಬನು ಗರ್ಭಗುಡಿಯಲ್ಲಿದ್ದಾನೆಂಬ ನಿಶ್ಚಯವಿದ್ದಾಗಲೇ ಬಯ್ಗುಳ ಸ್ತುತಿಯಾಗುವುದು. ಅಲೆನ್ನನಿಗೆ ಆ ನಿಶ್ಚಯವಿರಲಿಲ್ಲ. ಆದುದರಿಂದ ಆತನ ಹಾಸ್ಯವನ್ನು ನಿಂದಾಸ್ತುತಿಯೆಂದು ಕರೆದು ಭಕ್ತರ ಪಂಕ್ತಿಯಲ್ಲಿ ಕೂರಿಸುವುದು ಆತನಿಗೂ ಭಕ್ತರಿಗೂ ಮಾಡುವ ಅನ್ಯಾಯವಾದೀತು. ಆತನಿಗಿದ್ದ ಸಲಿಗೆ ದೇವರೊಡನೆಯದಲ್ಲ, ದೇವರ ಮನೆಯವರೊಡನೆಯದು: ಪಾಪನಿವೇದನೆಯ ಕಟಕಟೆಯ ಕತ್ತಲು, ಧೂಪದ ವಾಸನೆ, ಲ್ಯಾಟಿನ್ ಪ್ರಾರ್ಥನೆಯ ಗೊಣಗು, ಹಸಿವಿನ ನಡುವೆ ಉದ್ದವಾಗುತ್ತಿದ್ದ ಉಪದೇಶ, ಇವೆಲ್ಲ ಆತನಿಗೆ ಬಾಯಿಪಾಠ. ಆ ಮನೆಯನ್ನು ಬಿಟ್ಟು ಬಂದಿದ್ದರೂ ಅದರ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂಬುದು ಆತನಿಗೆ ನೆನಪಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಆತ ಮಾಡಿದ್ದೆಲ್ಲವೂ ಒಂದೇ ತೂಕದ್ದೆಂದಲ್ಲ. ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಉತ್ತಮ ಮಧ್ಯಮ ಅಧಮಗಳನ್ನು ಗುರುತಿಸಿದ ಭರತಮುನಿಯ ಅಳತೆಗೋಲನ್ನು ಇಲ್ಲಿಗೂ ತರಬಹುದು. ಪೀಠದ ಮೇಲೆ ಕುಳಿತು ಹೇಳಿದ ಕಥೆಗಳ ನಡುನಡುವೆ ಕಿರುನಾಟಕಗಳನ್ನೂ ಆತ ಆಡಿ ತೋರಿಸುತ್ತಿದ್ದನು. 1975ರಲ್ಲಿ ಪೋಪ್ ವೇಷಧಾರಿಯೊಬ್ಬನು ವಾದ್ಯದ ಲಯಕ್ಕೆ ಸರಿಯಾಗಿ ಉಡುಪು ಕಳಚುವ ದೃಶ್ಯವನ್ನು ತೋರಿಸಿದಾಗ ಶ್ರದ್ಧಾಳುಗಳು ಕೆರಳಿದರು. ಆ ದೃಶ್ಯವನ್ನು ಸಮರ್ಥಿಸುವ ಉತ್ಸಾಹ ನನಗಿಲ್ಲ. ಅಲ್ಲಿ ನಿಲುವಂಗಿ ಬರಿಯ ನಿಲುವಂಗಿ. ಅದರೊಳಗೆ ಯಾರೂ ಇಲ್ಲ. ಶಾಲೆಯ ಕಥೆಯಲ್ಲಾದರೋ ಒಂದು ಮಗುವಿದೆ, ಮಗುವಿನ ಎದೆಯಲ್ಲಿ ನಡುಕವಿದೆ. ಶ್ರದ್ಧಾವಂತನ ನೋವನ್ನು ಅಲ್ಲಗಳೆಯುವ ಹಕ್ಕು ವಿನೋದಗಾರನಿಗಿಲ್ಲ; ಆ ನೋವಿಗೆ ಬದಲಾಗಿ ಏನನ್ನಾದರೂ ಕಾಣಿಸಿಕೊಡುವ ಹೊಣೆ ಆತನಿಗುಂಟು. ಶಾಲೆಯ ಕಥೆ ಆ ಹೊಣೆಯನ್ನು ತೀರಿಸಿತು. ಪೋಪರ ದೃಶ್ಯ ತೀರಿಸಲಿಲ್ಲ.

ಹಾಗೆಂದ ಮೇಲೆ ನ್ಯಾಯಾಲಯ ನಡುವೆ ಬರಬೇಕೆ? ಈ ವಿಷಯದಲ್ಲಿ ಐರ್ಲೆಂಡಿನ ಅನುಭವ ಕುತೂಹಲಕರವಾದುದು. ದೇವನಿಂದೆ ಅಪರಾಧವೆಂದು ಸಂವಿಧಾನ ಸಾರಿತ್ತೇ ಹೊರತು ದೇವನಿಂದೆಯೆಂದರೆ ಏನೆಂಬುದನ್ನು ಯಾವ ಶಾಸನವೂ ಹೇಳಿರಲಿಲ್ಲ. ವಿಚ್ಛೇದನದ ಜನಮತಗಣನೆಯ ಬಳಿಕ ಪತ್ರಿಕೆಯೊಂದು ಅಚ್ಚುಹಾಕಿದ ವ್ಯಂಗ್ಯಚಿತ್ರದ ಮೇಲಣ ಮೊಕದ್ದಮೆಯಲ್ಲಿ, ಅಪರಾಧದ ಸ್ವರೂಪವೇ ತಿಳಿಯದಾದುದರಿಂದ ವಿಚಾರಣೆ ಅಸಾಧ್ಯವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಕೈಚೆಲ್ಲಿತು. ಈ ಕೊರತೆಯನ್ನು ತುಂಬಲೆಂದು 2009ರಲ್ಲಿ ಮಾಡಿದ ಕಾಯಿದೆ 25,000 ಯೂರೋವರೆಗಿನ ದಂಡವನ್ನು ವಿಧಿಸಿ, ಯಾವುದೇ ಧರ್ಮದ ಅನುಯಾಯಿಗಳಲ್ಲಿ ಗಣನೀಯ ಸಂಖ್ಯೆಯವರಿಗೆ ಆಕ್ರೋಶವುಂಟುಮಾಡುವುದೇ ಅಪರಾಧದ ಲಕ್ಷಣವೆಂದು ನಿರೂಪಿಸಿತು. ತಾತ್ತ್ವಿಕ ದೃಷ್ಟಿಯಿಂದ ಇದು ಒಂದು ಬಗೆಯ ತಪ್ಪೊಪ್ಪಿಗೆಯೇ ಸರಿ. ಸರ್ವಶಕ್ತನೂ ನಿರ್ವಿಕಾರನೂ ಆದವನಿಗೆ ಒಬ್ಬ ವಿದೂಷಕನ ಮಾತಿನಿಂದ ಯಾವ ಕುಂದೂ ಬಾರದೆಂದೂ, ಕುಂದುವುದು ಮನುಷ್ಯರ ಮನಸ್ಸೇ ಎಂದೂ, ಶಾಸನಕರ್ತರು ತಮಗರಿವಿಲ್ಲದೆಯೇ ಬರೆದುಕೊಟ್ಟಿದ್ದರು. 2018ರ ಅಕ್ಟೋಬರ್ 26ರಂದು ನಡೆದ ಜನಮತಗಣನೆಯಲ್ಲಿ ಶೇಕಡ 65ರಷ್ಟು ಮತದಾರರು ಆ ಅಪರಾಧವನ್ನು ಸಂವಿಧಾನದಿಂದ ತೆಗೆದುಹಾಕಲು ಒಪ್ಪಿದರು. ಚರ್ಚಿನ ವಿಶೇಷ ಸ್ಥಾನ 1972ರ ಜನಮತಗಣನೆಯಲ್ಲಿಯೇ ಹೋಗಿದ್ದಿತು. ಧರ್ಮಸಂಘಗಳು ನಡೆಸಿದ ಮಕ್ಕಳ ಸಂಸ್ಥೆಗಳಲ್ಲಿ ದಶಕಗಳ ಕಾಲ ನಡೆದ ಕ್ರೌರ್ಯವನ್ನು ಸರ್ಕಾರ ನೇಮಿಸಿದ ಆಯೋಗವೇ 2009ರಲ್ಲಿ ಸವಿಸ್ತಾರವಾಗಿ ಬಯಲಿಗಿಟ್ಟಿತ್ತು. ಪೀಠದ ಮೇಲಿದ್ದವನು ನಗುನಗುತ್ತ ಹೇಳಿದುದನ್ನು ಆಗ ಉತ್ಪ್ರೇಕ್ಷೆಯೆಂದವರು ಆ ವರದಿಯ ಸಂಪುಟಗಳನ್ನು ಓದಬೇಕಾಯಿತು. ಅದನ್ನು ನೋಡಲು ಆತನಿರಲಿಲ್ಲ. 2005ರ ಮಾರ್ಚ್ 10ರಂದು ಲಂಡನ್ನಿನಲ್ಲಿ, ಅರುವತ್ತೆಂಟನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ತೀರಿಕೊಂಡಿದ್ದನು.

ಆರಂಭದ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಆಶೀರ್ವಾದಕ್ಕೆ ಬೇಕಾದುದು ಹರಸುವವನ ಶ್ರದ್ಧೆಯೆಂದು ನಾವು ತಿಳಿದಿದ್ದೇವೆ. ಹರಸಿಸಿಕೊಳ್ಳುವವನ ಶ್ರದ್ಧೆಯ ಮೇಲಣ ಗೌರವವೇ ಸಾಲದೆ? ನನಗಿಲ್ಲದುದು ನಿನಗಿರುವುದಾದರೆ ಅದು ನಿನಗೆ ಜೊತೆಯಾಗಲಿ ಎನ್ನುವವನು ಕೊಡುವುದು ತನ್ನ ಬೊಕ್ಕಸದಿಂದಲ್ಲ, ಆದರೂ ಕೊಡುತ್ತಾನೆ. ತನ್ನ ದೇವರನ್ನೇ ಎಲ್ಲರ ಮೇಲೂ ಹೇರುವ ಶ್ರದ್ಧಾವಂತನಿಗೆ ಈ ಔದಾರ್ಯ ದುರ್ಲಭ.

ಮರಣವೂ ಆತನಿಗೆ ಹಾಸ್ಯದ ವಸ್ತುವೇ. ಎರಡು ಶವಯಾತ್ರೆಗಳು ಸ್ಮಶಾನವನ್ನು ಮೊದಲು ಮುಟ್ಟಲು ಪೈಪೋಟಿಗಿಳಿದು ಓಡುವ ಕಿರುನಾಟಕ ಬಹಳ ಪ್ರಸಿದ್ಧ. ಆದರೆ ವೈರಾಗ್ಯಕ್ಕೆ ಅತ್ಯಂತ ಸಮೀಪವಾದ ಮಾತು ಬಂದುದು 1990ರಲ್ಲಿ, ಯಾವ ಪಾದ್ರಿಯೂ ಸುಳಿಯದ ಒಂದು ಕಥನದಲ್ಲಿ. ಮನುಷ್ಯ ಗಡಿಯಾರ ಹೊಡೆದಾಗ ಏಳುತ್ತಾನೆ, ಗಡಿಯಾರ ನೋಡಿ ಕೆಲಸಕ್ಕೆ ಓಡುತ್ತಾನೆ, ಗಡಿಯಾರ ಹೇಳಿದಾಗ ಉಣ್ಣುತ್ತಾನೆ, ಗಡಿಯಾರ ಹೇಳಿದಾಗ ಮಲಗುತ್ತಾನೆ. ನಲವತ್ತು ವರ್ಷ ಹೀಗೆ ಕಳೆದು ನಿವೃತ್ತನಾದ ದಿನ ಯಜಮಾನರು ಆತನಿಗೆ ಉಡುಗೊರೆಯಾಗಿ ಕೊಡುವುದು ಇನ್ನೊಂದು ಗಡಿಯಾರ. ಆ ಕೊನೆಯ ಮಾತಿನಲ್ಲಿ ಆತ ಒಂದು ಅಶ್ಲೀಲ ಪದವನ್ನು ಸೇರಿಸಿದನು. ದೂರುಗಳು ಬಂದವು; ಪಾರ್ಲಿಮೆಂಟಿನಲ್ಲಿಯೂ ಪ್ರಸ್ತಾಪವಾಯಿತು. ಚರ್ಚೆಯಾದದ್ದು ಆ ಪದವೊಂದೇ. ಆ ನಲವತ್ತು ವರ್ಷ ಎಲ್ಲಿಗೆ ಹೋಯಿತೆಂದು ಅಲ್ಲಿ ಯಾರೂ ಕೇಳಿದಂತೆ ಕಾಣುವುದಿಲ್ಲ.