ಕಲಿತುಕೊಳ್ಳಬೇಕಾದ ಸಂತುಷ್ಟಿ

ಧ್ಯಾನಕ್ಕಾಗಿ ಓದತಕ್ಕ ಭಾಗ: ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, 4ನೆಯ ಅಧ್ಯಾಯ, 4ರಿಂದ 13ನೆಯ ವಚನಗಳು.



ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಸಂತೆಯಲ್ಲಿ ದನಗಳ ಕೂಗುಂಟು, ಚೌಕಾಸಿಯ ಗದ್ದಲವುಂಟು. ಆದರೂ ಮನಸ್ಸು ಹಗುರವಾಗಿರುವವನು ಚೀಲವನ್ನೇ ತಲೆದಿಂಬು ಮಾಡಿಕೊಂಡು ಬೇವಿನ ಮರದ ನೆರಳಿನಲ್ಲಿ ಮಲಗಿಬಿಡುತ್ತಾನೆ. ಇನ್ನೊಬ್ಬನಾದರೋ ತನ್ನ ಸ್ವಂತ ಮನೆಯಲ್ಲಿ, ಮೆತ್ತನೆಯ ಹಾಸಿಗೆಯ ಮೇಲೆ, ಕೋಳಿ ಕೂಗುವ ತನಕ ಹೊರಳಾಡುತ್ತಿರುತ್ತಾನೆ. ಇದನ್ನು ನಾವೆಲ್ಲರೂ ಬಲ್ಲೆವು. ಆದರೂ ನಮ್ಮ ಬಾಯಿಯ ಮಾತು ಏನು? ಈ ಸಾಲವೊಂದು ತೀರಲಿ, ಮಗಳ ಮದುವೆಯೊಂದು ಆಗಲಿ, ಹಿಂಗಾರು ಮಳೆಯೊಂದು ಸುರಿಯಲಿ, ಆಮೇಲೆ ನೆಮ್ಮದಿಯಾಗಿರುವೆವು, ಎಂದೇ ಅಲ್ಲವೇ? ಸಾಲವು ತೀರುತ್ತದೆ, ಮದುವೆಯೂ ಆಗುತ್ತದೆ, ಮಳೆಯೂ ಬರುತ್ತದೆ. ನೆಮ್ಮದಿಯು ಮಾತ್ರ ಮುಂದಿನ ವರುಷಕ್ಕೆ ಹೋಗಿ ಕುಳಿತಿರುತ್ತದೆ.

ಅಪೊಸ್ತಲನಾದ ಪೌಲನು ಅಂಥ ದಿನಕ್ಕಾಗಿ ಕಾದು ಕುಳಿತವನಲ್ಲ. ಫಿಲಿಪ್ಪಿಯ ಸಭೆಗೆ ಈ ಪತ್ರಿಕೆಯನ್ನು ಬರೆದಾಗ ಆತನು ಸೆರೆಯಲ್ಲಿದ್ದನು. ಅದು ರೋಮಾಪುರದ ಸೆರೆಯೆಂದು ಸಭೆಯು ಪೂರ್ವದಿಂದ ಹೇಳುತ್ತಾ ಬಂದಿದೆ. ತನಗೆ ದೊರೆಯುವದು ಬಿಡುಗಡೆಯೋ ಮರಣವೋ ಎಂಬದು ಇನ್ನೂ ನಿಶ್ಚಯವಾಗಿರಲಿಲ್ಲ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ ಸಹಾಯವು ಬಂದು ಮುಟ್ಟಿತ್ತು. ಅದನ್ನು ತಂದ ಆ ಸಹೋದರನೋ ಕಾಯಿಲೆ ಬಿದ್ದು ಮರಣದ ಬಾಗಿಲಿಗೆ ಹೋಗಿ, ದೇವರ ಕರುಣೆಯಿಂದ ತಿರುಗಿ ಬಂದಿದ್ದನು. ಆ ಸಹಾಯಕ್ಕಾಗಿ ಉಪಕಾರಸ್ಮರಣೆಯನ್ನು ಮಾಡುವಾಗಲೇ ಪೌಲನು ಒಂದು ಸಂಗತಿಯನ್ನು ತಿಳಿಸುತ್ತಾನೆ. ಏನಂದರೆ, ತಾನು ಕೊರತೆಯ ದೆಸೆಯಿಂದ ಹೀಗೆ ಬರೆಯುತ್ತಿಲ್ಲ; ಹೊಟ್ಟೆ ತುಂಬಿದ ದಿನದಲ್ಲಿಯೂ ಹಸಿದ ದಿನದಲ್ಲಿಯೂ ತೃಪ್ತಿಯಿಂದಿರುವ ವಿದ್ಯೆಯನ್ನು ತಾನು ಕಲಿತಾಗಿದೆ, ಎಂಬದೇ.

ಪ್ರಿಯರೇ, ಕಲಿತೆನು ಎಂಬ ಆ ಒಂದು ಮಾತಿನ ಮೇಲೆ ನಮ್ಮ ಮನಸ್ಸನ್ನು ನಿಲ್ಲಿಸೋಣ. ಸಂತುಷ್ಟಿಯು ಪೌಲನಿಗೆ ಹುಟ್ಟುಗುಣವಾಗಿರಲಿಲ್ಲ. ದಮಸ್ಕದ ದಾರಿಯಲ್ಲಿ ಕರ್ತನ ಬೆಳಕನ್ನು ಕಂಡ ದಿನವೇ ಅದು ಪೂರ್ಣವಾಗಿ ದೊರೆಯಲೂ ಇಲ್ಲ. ಮಕ್ಕಳು ಅಕ್ಷರವನ್ನು ತಿದ್ದಿ ತಿದ್ದಿ ಕಲಿಯುವಂತೆ ಆತನು ಅದನ್ನು ಕಲಿಯಬೇಕಾಯಿತು. ಹಾಗಾದರೆ ಎಲ್ಲಿ ಕಲಿತನು? ಏನನ್ನು ಕಲಿತನು? ಯಾರಿಂದ ಕಲಿತನು?

ಮೊದಲನೆಯದಾಗಿ, ಎಲ್ಲಿ ಕಲಿತನು ಎಂಬದನ್ನು ನೋಡೋಣ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಪೌಲನು ತನ್ನ ಪಾಠಶಾಲೆಯ ಲೆಕ್ಕವನ್ನು ಕೊಟ್ಟಿದ್ದಾನೆ. ಐದು ಸಾರಿ ಒಂದು ಕಡಿಮೆ ನಾಲ್ವತ್ತು ಪೆಟ್ಟುಗಳು, ಮೂರು ಸಾರಿ ಕೋಲಿನ ಹೊಡೆತ, ಒಂದು ಸಾರಿ ಕಲ್ಲೆಸೆತ, ಮೂರು ಸಾರಿ ಹಡಗಿನ ನಷ್ಟ. ಇವಲ್ಲದೆ ಹಸಿವು, ಬಾಯಾರಿಕೆ, ಚಳಿ, ನಿದ್ರೆಯಿಲ್ಲದ ರಾತ್ರಿಗಳು, ಮತ್ತು ಎಲ್ಲಾ ಸಭೆಗಳ ಚಿಂತೆ. ಫಿಲಿಪ್ಪಿಯವರು ಇದನ್ನು ಕೇಳಿ ಮಾತ್ರ ಬಲ್ಲವರಲ್ಲ, ಕಣ್ಣಾರೆ ಕಂಡವರು. ಅವರ ಊರಿನಲ್ಲಿಯೇ ಪೌಲನೂ ಸೀಲನೂ ಬೆತ್ತದ ಗಾಯಗಳೊಡನೆ ಒಳಗಿನ ಸೆರೆಯಲ್ಲಿ ಕಾಲುಗಳಿಗೆ ಕೋಳ ಹಾಕಿಸಿಕೊಂಡು, ನಡುರಾತ್ರಿಯಲ್ಲಿ ದೇವರಿಗೆ ಸ್ತೋತ್ರವನ್ನು ಹಾಡಿದ್ದರು. ಆ ರಾತ್ರಿಯಲ್ಲೇ ದೀಕ್ಷಾಸ್ನಾನವನ್ನು ಹೊಂದಿದ ಸೆರೆಯ ಅಧಿಕಾರಿಯೂ, ಅದಕ್ಕೆ ಮುಂಚೆ ನಂಬಿದ ಧೂಮ್ರವರ್ಣದ ವ್ಯಾಪಾರಿಣಿಯಾದ ಲುದ್ಯಳೂ ಈ ಪತ್ರಿಕೆ ಓದಲ್ಪಟ್ಟಾಗ ಸಭೆಯಲ್ಲಿ ಕುಳಿತಿದ್ದಿರಬಹುದು. ಪೌಲನ ಮಾತು ಒಣ ಉಪದೇಶವಲ್ಲವೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹೀಗಿರಲಾಗಿ, ನಮ್ಮ ಪಾಠಶಾಲೆಯೂ ದೂರದಲ್ಲಿಲ್ಲ. ಹೊಗೆ ತುಂಬಿದ ಅಡಿಗೆಮನೆ, ಬದುವಿನ ವ್ಯಾಜ್ಯವಿರುವ ಹೊಲ, ಹಾಸಿಗೆ ಹಿಡಿದ ಅತ್ತೆ, ಕುಡಿದು ಮನೆಗೆ ಬರುವ ಮಗ, ಇವುಗಳಿಂದ ತಪ್ಪಿಸಿಕೊಂಡರೆ ದೇವರ ಸಮಾಧಾನವನ್ನು ಕಲಿಯಬಹುದಿತ್ತು ಎಂದು ನಾವು ನೆನಸುತ್ತೇವೆ. ದೇವರಾದರೋ ಇವುಗಳ ನಡುವೆಯೇ ಹಲಗೆಯನ್ನು ನಮ್ಮ ಕೈಗೆ ಕೊಡುತ್ತಾನೆ.

ಎರಡನೆಯದಾಗಿ, ಏನನ್ನು ಕಲಿಯಬೇಕು? ಇದನ್ನು ಹೇಳುವದಕ್ಕೆ ಮುಂಚೆ ನಾವು ನಮ್ಮ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವದು ನ್ಯಾಯ. ಯಾಕಂದರೆ ಈ ಪಾಠದಲ್ಲಿ ಉಪದೇಶಿಯೂ ಹಿಂದುಳಿದ ವಿದ್ಯಾರ್ಥಿಯೇ.

ಕೆಲವು ವರುಷಗಳ ಹಿಂದೆ ನಾವು ಇಪ್ಪತ್ತು ಮನೆಗಳ ಒಂದು ಚಿಕ್ಕ ಸಭೆಯಲ್ಲಿ ಸೇವೆ ಮಾಡುತ್ತಿದ್ದೆವು. ಎರಡು ವರುಷ ಮಳೆ ತಪ್ಪಿ ಜೋಳವು ತೆನೆ ಹಿಡಿಯಲಿಲ್ಲ. ಸಭೆಯವರ ಕಾಣಿಕೆಯೂ ಕಡಿಮೆಯಾಯಿತು, ನಮ್ಮ ಮನೆಯ ಡಬ್ಬಿಯೂ ಬರಿದಾಯಿತು. ಅದೇ ಕಾಲದಲ್ಲಿ ನಮ್ಮೊಂದಿಗೆ ಸೆಮಿನರಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಸಹೋದರರೊಬ್ಬರಿಗೆ ಪಟ್ಟಣದ ಸಭೆಯು ದೊರೆಯಿತು. ಹೆಂಚಿನ ಮನೆ, ನಲ್ಲಿಯ ನೀರು, ಮಕ್ಕಳಿಗೆ ಹತ್ತಿರದಲ್ಲೇ ಶಾಲೆ. ಆ ದಿನದಿಂದ ನಮ್ಮ ಹೃದಯದಲ್ಲಿ ಒಂದು ಹುಳವು ಸೇರಿಕೊಂಡಿತು. ಪ್ರಸಂಗಪೀಠದಲ್ಲಿ ನಿಂತು ಸಮಾಧಾನವನ್ನು ಸಾರಿದೆವು. ಇಳಿದು ಬಂದು ಅವರಿಗೆ ಎಷ್ಟು, ನಮಗೆ ಎಷ್ಟು ಎಂದು ಲೆಕ್ಕ ಹಾಕಿದೆವು. ಅವರ ಮಗುವಿನ ದೀಕ್ಷಾಸ್ನಾನಕ್ಕೆ ಕರೆ ಬಂದಾಗ ಜ್ವರವೆಂದು ಹೇಳಿ ಕಳುಹಿಸಿದೆವು. ಜ್ವರವು ಇದ್ದದ್ದು ನಿಜ, ಮೈಯಲ್ಲಿ ಅಲ್ಲ.

ವರ್ಗಾವಣೆಯನ್ನು ಬೇಡುವ ಅರ್ಜಿಯನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಒಂದು ದಿನ ಸಭೆಯ ಮನೆಗಳನ್ನು ನೋಡಲು ಹೊರಟೆವು. ಕಡೆಯ ಮನೆಯಲ್ಲಿ ಒಬ್ಬ ವಿಧವೆ ತಾಯಿ ಇದ್ದರು. ಅವರು ಕೈಮಗ್ಗದ ನೇಕಾರರು. ಒಬ್ಬನೇ ಮಗನು ಕೆಲಸವನ್ನು ಹುಡುಕಿಕೊಂಡು ದೂರದ ಪಟ್ಟಣಕ್ಕೆ ಹೋದವನು ಒಂದು ವರುಷದಿಂದ ಸುದ್ದಿಯನ್ನೇ ಕಳುಹಿಸಿರಲಿಲ್ಲ. ಅವರನ್ನು ಸಂತೈಸುವದಕ್ಕೆ ಹೋದ ನಾವು ಅವರು ಮಗ್ಗದ ಮುಂದೆ ಕುಳಿತು ಮೆಲ್ಲಗೆ ಹಾಡಿಕೊಳ್ಳುತ್ತಿದ್ದದ್ದನ್ನು ಕಂಡು ಬೆರಗಾದೆವು.

"ಅವ್ವಾ, ಇಂಥ ಕಷ್ಟದಲ್ಲಿ ನಿಮಗೆ ಹಾಡುವದಕ್ಕೆ ಹೇಗೆ ಆಗುತ್ತದೆ?" ಎಂದು ಕೇಳಿದೆವು.

ಅವರು ಲಾಳಿಯನ್ನು ಕೆಳಗಿಟ್ಟು ಹೇಳಿದರು: "ಅಯ್ಯನವರೇ, ರಾತ್ರಿ ಮಗನ ನೆನಪಾದಾಗ ಅಳುತ್ತೇನೆ. ಅಳುವದಿಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಮಗ್ಗದ ಮುಂದೆ ಕುಳಿತರೆ ಇಡೀ ಸೀರೆ ಒಮ್ಮೆಗೇ ಕಾಣುವದಿಲ್ಲ. ನೇಯ್ದದ್ದು ಸುತ್ತಿಕೊಂಡು ಹೋಗುತ್ತದೆ, ನೇಯಬೇಕಾದದ್ದು ಇನ್ನೂ ಆಚೆಗಿದೆ, ಕಣ್ಣ ಮುಂದೆ ಗೇಣುದ್ದ ಮಾತ್ರ. ನೂಲು ಹರಿದರೆ ಹರಿದಲ್ಲೇ ಗಂಟು ಹಾಕಿ ಮುಂದೆ ಹೋಗುತ್ತೇನೆ. ನಾಳೆ ಹರಿಯುವ ನೂಲಿಗೆ ಇವತ್ತೇ ಗಂಟು ಹಾಕುವದಕ್ಕೆ ಆಗುತ್ತದೆಯೇ? ಅದನ್ನು ದೇವರ ಕೈಗೆ ಬಿಟ್ಟಿದ್ದೇನೆ."

ಆಮೇಲೆ ಅವರು ಒಳಗೆ ಹೋಗಿ, ಇದ್ದ ಎರಡು ರೊಟ್ಟಿಗಳಲ್ಲಿ ಒಂದನ್ನು ಪುಂಡಿಪಲ್ಲೆಯೊಡನೆ ನಮ್ಮ ಮುಂದಿಟ್ಟು, ಪ್ರಾರ್ಥನೆ ಮಾಡಿರೆಂದು ಕೇಳಿಕೊಂಡರು. ಆ ದಿನ ಪ್ರಾರ್ಥನೆಯ ಮಾತು ನಮ್ಮ ಬಾಯಿಂದ ಸಲೀಸಾಗಿ ಹೊರಡಲಿಲ್ಲ. ಜೇಬಿನಲ್ಲಿದ್ದ ಅರ್ಜಿಯು ಕಲ್ಲಿನಂತೆ ಭಾರವಾಯಿತು.

ಕರ್ತನು ಬೆಟ್ಟದ ಮೇಲೆ ಬೋಧಿಸಿದಾಗ ನಾಳೆಯ ಹೊರೆಯನ್ನು ನಾಳೆಗೇ ಬಿಡಿರೆಂದು ಹೇಳಿದ್ದನ್ನು ನಾವು ಎಷ್ಟೋ ಸಾರಿ ಓದಿದ್ದೆವು. ಅದನ್ನು ಬದುಕಿದವರನ್ನು ಅಂದು ಕಂಡೆವು. ಇಸ್ರಾಯೇಲ್ಯರಿಗೂ ದೇವರು ಅರಣ್ಯದಲ್ಲಿ ಇದೇ ಪಾಠವನ್ನು 40 ವರುಷ ಕಲಿಸಿದನು. ದಿನಕ್ಕೆ ತಲೆಗೆ ಒಂದು ಓಮೆರ್ ಮನ್ನ. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗಿರಲಿ ಎಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಆದರೆ ಆರನೆಯ ದಿನ ದೇವರ ಅಪ್ಪಣೆಯಂತೆ ಎರಡರಷ್ಟು ಕೂಡಿಸಿಟ್ಟದ್ದು ಕೆಡಲಿಲ್ಲ. ಆದದರಿಂದ ಬಿತ್ತನೆಯ ಬೀಜವನ್ನು ಕಾದಿಡುವದೂ, ಮಕ್ಕಳ ಓದಿಗಾಗಿ ಹಣ ಕೂಡಿಸುವದೂ ಅಪನಂಬಿಕೆಯಲ್ಲ. ಕೈಯಿಂದ ನಾಳೆಗಾಗಿ ದುಡಿಯಬಹುದು. ಹೃದಯದಿಂದ ನಾಳೆಯನ್ನು ಹೊರಬಾರದು. ಮತ್ತು ನೆರೆಯವನ ಓಮೆರನ್ನು ಅಳೆಯುತ್ತಾ ಕುಳಿತವನಿಗೆ ತನ್ನ ಮನ್ನದ ರುಚಿಯೇ ತಿಳಿಯುವದಿಲ್ಲ. ನಮಗೆ ಆದದ್ದು ಇದೇ.

ಮೂರನೆಯದಾಗಿ, ಪೌಲನು ಯಾರಿಂದ ಕಲಿತನು? ಸಂತುಷ್ಟನು ಎಂಬುದಕ್ಕೆ ಆತನು ಉಪಯೋಗಿಸಿದ ಗ್ರೀಕ್ ಪದಕ್ಕೆ, ತನಗೆ ತಾನೇ ಸಾಕಾದವನು ಎಂದು ಅರ್ಥ. ಆ ಕಾಲದ ಸ್ತೋಯಿಕ ಜ್ಞಾನಿಗಳಿಗೆ ಇದು ಬಹು ಪ್ರಿಯವಾದ ಪದ. ಜ್ಞಾನಿಯು ಯಾರ ಹಂಗೂ ಇಲ್ಲದೆ, ಸುಖದುಃಖಗಳು ಮುಟ್ಟದಂತೆ ಮನಸ್ಸನ್ನು ಕಲ್ಲಾಗಿ ಮಾಡಿಕೊಂಡು ತನ್ನ ಬಲದಿಂದಲೇ ನಿಲ್ಲಬೇಕೆಂದು ಅವರು ಬೋಧಿಸುತ್ತಿದ್ದರು. ಪೌಲನು ಆ ಪದವನ್ನು ತೆಗೆದುಕೊಂಡು ಅದಕ್ಕೆ ಬೇರೆ ಜೀವವನ್ನು ತುಂಬಿದನು. ಆತನು ಕಲ್ಲಾಗಲಿಲ್ಲ, ಎಪಫ್ರೊದೀತನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಇದೇ ಪತ್ರಿಕೆಯಲ್ಲಿ ಬರೆದಿದ್ದಾನೆ. ಆತನು ನಿಂತದ್ದು ತನ್ನ ಬಲದಿಂದಲ್ಲ, ಒಳಗಿದ್ದು ಬಲಪಡಿಸುವ ಕ್ರಿಸ್ತನ ಬಲದಿಂದ. 13ನೆಯ ವಚನವನ್ನು ಅನೇಕರು ಮಹಾಕಾರ್ಯಗಳನ್ನು ಸಾಧಿಸುವದಕ್ಕೆ ಉದಾಹರಿಸುತ್ತಾರೆ; ಅದು ಹೇಳಲ್ಪಟ್ಟದ್ದಾದರೋ ಬಡತನವನ್ನೂ ಸಮೃದ್ಧಿಯನ್ನೂ ಸಮನಾಗಿ ತಾಳಿಕೊಳ್ಳುವದರ ವಿಷಯವಾಗಿಯೇ.

7ನೆಯ ವಚನದಲ್ಲಿ ದೇವರ ಸಮಾಧಾನವು ನಮ್ಮ ಹೃದಯವನ್ನು ಕಾಯುವದೆಂದು ಹೇಳುವಾಗ ಪೌಲನು ದಂಡಿನವರ ಮಾತನ್ನು ಉಪಯೋಗಿಸುತ್ತಾನೆ. ಫಿಲಿಪ್ಪಿಯು ಕ್ರಿಸ್ತಪೂರ್ವ 42ರಲ್ಲಿ ದೊಡ್ಡ ಯುದ್ಧವು ನಡೆದ ಸ್ಥಳ. ಬಳಿಕ ಅಲ್ಲಿ ರೋಮಿನ ಹಳೆಯ ಸಿಪಾಯಿಗಳಿಗೆ ಭೂಮಿಯನ್ನು ಕೊಟ್ಟು ನೆಲೆಗೊಳಿಸಿದ್ದರು. ಊರಬಾಗಿಲಲ್ಲಿ ಕಾವಲು ನಿಲ್ಲುವದೆಂದರೇನೆಂದು ಆ ಊರಿನವರಿಗೆ ಗೊತ್ತಿತ್ತು. ಕಾವಲುಗಾರನು ಹೊರಗಿನ ಕಳ್ಳರನ್ನು ಲೋಕದಿಂದಲೇ ಇಲ್ಲದಂತೆ ಮಾಡುವದಿಲ್ಲ. ಒಳಗೆ ಬರದಂತೆ ತಡೆಯುತ್ತಾನೆ. ಹಾಗೆಯೇ ಕಷ್ಟಗಳು ಊರ ಹೊರಗೆ ಇದ್ದೇ ಇರುವವು. ಆದರೆ ಹೃದಯದ ಬಾಗಿಲಲ್ಲಿ ಕ್ರಿಸ್ತನ ಸಮಾಧಾನವು ಎಚ್ಚರವಾಗಿರುವದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಹಸಿದವನಿಗೆ ಕೂಲಿಯನ್ನು ಕೊಡದೆ, ತೃಪ್ತಿಯಿಂದಿರು ಎಂದು ಹೇಳುವವನು ದೇವರ ವಾಕ್ಯವನ್ನು ಕಳವು ಮಾಡುತ್ತಾನೆ. ತಡೆದಿಟ್ಟ ಕೂಲಿಯು ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಸ್ನಾನಿಕನಾದ ಯೋಹಾನನು ಸಿಪಾಯಿಗಳಿಗೆ ತಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದು ಹೇಳಿದ್ದು, ಯಾರನ್ನೂ ಸುಲಿಯಬೇಡಿರಿ ಎಂಬ ಮಾತಿನೊಡನೆಯೇ. ಸಂತುಷ್ಟಿಯು ಮೊದಲು ನಮ್ಮ ಆಶೆಗೆ ಬೋಧಿಸತಕ್ಕ ಉಪದೇಶ, ನೆರೆಯವನ ಹಸಿವಿಗೆ ಅಲ್ಲ. ಸೋಮಾರಿಗೂ ಇದು ಆಸರೆಯಲ್ಲ. ಆ ತಾಯಿ ಹಾಡಿದ್ದು ಮಗ್ಗವನ್ನು ಬಿಟ್ಟಲ್ಲ, ನೇಯುತ್ತಲೇ.

ಹಾಗಾದರೆ ಈ ವಿದ್ಯೆಯನ್ನು ನಾವು ಎಲ್ಲಿಂದ ಆರಂಭಿಸೋಣ? ಊಟದ ತಟ್ಟೆಯಿಂದಲೇ. ಜರ್ಮನಿ ದೇಶದಲ್ಲಿ 1618ರಿಂದ 1648ರ ವರೆಗೆ ಮೂವತ್ತು ವರುಷಗಳ ಘೋರ ಯುದ್ಧವು ನಡೆಯಿತು. ಆ ಕಾಲದಲ್ಲಿ ಐಲೆನ್‌ಬುರ್ಗ್ ಎಂಬ ಪಟ್ಟಣದಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬವರು ಸಭಾಪಾಲಕರಾಗಿದ್ದರು. 1637ರಲ್ಲಿ ಆ ಊರಿಗೆ ಮಹಾಮಾರಿ ಬಂದಾಗ ಅವರು 4,000ಕ್ಕೂ ಮಿಕ್ಕಿದ ಜನರ ಸಮಾಧಿಸಂಸ್ಕಾರವನ್ನು ನಡಿಸಬೇಕಾಯಿತು. ಅವರ ಹೆಂಡತಿಯೂ ಅದೇ ವರುಷ ತೀರಿಕೊಂಡರು. ಲೋಕದ ನಾನಾ ಭಾಷೆಗಳಲ್ಲಿ ಇಂದಿಗೂ ಹಾಡಲ್ಪಡುವ ಒಂದು ಪ್ರಸಿದ್ಧ ಕೃತಜ್ಞತಾಗೀತವು ಅವರದೇ. ತಮ್ಮ ಮನೆಯವರು ಊಟದ ಹೊತ್ತಿನಲ್ಲಿ ದೇವರನ್ನು ಸ್ತುತಿಸುವದಕ್ಕಾಗಿ ಅದನ್ನು ರಚಿಸಿದರೆಂದು ಹೇಳುತ್ತಾರೆ. ಯುದ್ಧದ ನಡುವೆ ಒಂದು ತುಂಡು ರೊಟ್ಟಿಗಾಗಿ ಕೃತಜ್ಞತೆ! ನಮ್ಮಲ್ಲಿ ಎಷ್ಟು ಮನೆಗಳಲ್ಲಿ ತಟ್ಟೆಯ ಮುಂದೆ ಕುಳಿತು ಉಪ್ಪು ಸಾಲದೆಂದು ಹೇಳುವ ಮಾತು ದೇವರಿಗೆ ಹೇಳುವ ಸ್ತೋತ್ರಕ್ಕಿಂತ ಮುಂಚೆ ಬರುತ್ತದೆ ಎಂಬದನ್ನು ಒಬ್ಬೊಬ್ಬರೂ ಪರೀಕ್ಷಿಸಿಕೊಳ್ಳೋಣ.

ಆ ದಿನ ಮನೆಗೆ ಹೋದ ಮೇಲೆ ನಾವು ದೀಪದ ಮುಂದೆ ಕುಳಿತು, ಪಟ್ಟಣದ ಆ ಸಹೋದರರಿಗೆ ಪತ್ರವನ್ನು ಬರೆದೆವು; ನಮ್ಮ ಜ್ವರವು ಎಂಥದ್ದೆಂಬದನ್ನು ಮುಚ್ಚದೆ ತಿಳಿಸಿ ಕ್ಷಮೆಯನ್ನು ಬೇಡಿದೆವು. ಅವರ ಉತ್ತರವು ಬಂದಾಗ, ಪಟ್ಟಣದ ಸಭೆಯಲ್ಲಿ ತಮಗಿರುವ ಕಣ್ಣೀರನ್ನು ಅವರೂ ನಮಗೆ ತಿಳಿಸಿದ್ದರು. ಹೆಂಚಿನ ಮನೆಯೊಳಗೂ ಹೊರೆಗಳುಂಟೆಂಬದನ್ನು ನಾವು ಲೆಕ್ಕದಲ್ಲಿ ಸೇರಿಸಿರಲಿಲ್ಲ. ವರ್ಗಾವಣೆಯನ್ನು ಬೇಡುವದು ಪಾಪವಲ್ಲ. ಆದರೂ ಆ ಅರ್ಜಿಯನ್ನು ನಾವು ಕಳುಹಿಸಲಿಲ್ಲ. ಆ ವರುಷವೂ ಮಳೆ ಸಾಕಷ್ಟು ಆಗಲಿಲ್ಲ. ನಿದ್ರೆಯು ಮಾತ್ರ ತಿರುಗಿ ಬಂತು.

ಪ್ರಿಯರೇ, ಈ ತಿಂಗಳಲ್ಲಿ ನಿಮ್ಮ ಕಣ್ಣ ಮುಂದೆ ಇರುವ ಗೇಣುದ್ದದ ಬಟ್ಟೆ ಯಾವದು? ಹರಿದ ನೂಲು ಯಾವದು? ಕ್ಷಮೆ ಕೇಳಬೇಕಾದವರು ಇದ್ದರೆ ಇಂದೇ ಹೋಗಿರಿ. ಕೊಡಬೇಕಾದ ಕೂಲಿ ಇದ್ದರೆ ಇಂದೇ ಕೊಡಿರಿ. ಉಳಿದದ್ದನ್ನು ಕರ್ತನ ಕೈಗೆ ಒಪ್ಪಿಸಿರಿ.

ಪ್ರಾರ್ಥಿಸೋಣ. ಕರುಣೆಯುಳ್ಳ ತಂದೆಯೇ, ನೀನು ಕೊಟ್ಟದ್ದನ್ನು ಕಾಣದೆ ಕೊಡದಿರುವದನ್ನೇ ಎಣಿಸಿದ ನಮ್ಮನ್ನು ಕ್ಷಮಿಸು. ದೂರ ಹೋದ ಮಕ್ಕಳನ್ನೂ, ಅವರಿಗಾಗಿ ರಾತ್ರಿಯಲ್ಲಿ ಅಳುವ ತಾಯಂದಿರನ್ನೂ ನೆನಸಿಕೋ. ಇಂದಿನ ರೊಟ್ಟಿಗಾಗಿ ಇಂದೇ ನಿನ್ನನ್ನು ಸ್ತುತಿಸುವ ಹೃದಯವನ್ನು ನಮಗೆ ದಯಪಾಲಿಸು. ನಮ್ಮ ಬಾಗಿಲಲ್ಲಿ ನಿನ್ನ ಸಮಾಧಾನವನ್ನು ಕಾವಲಿಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.