ವಿಶ್ರಾಂತಿ ವೇತನವೂ ಗೃಹಿಣಿಯೂ

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು ಸರ್ವವಿದಿತ. ಹಗಲಿರುಳೂ ತಿರುಗುವ ಯಂತ್ರಗಳನ್ನು ಕಾಯುವವನ ಮನೆಯಲ್ಲಿ ಒಲೆಯುರಿಯುವ ವೇಳೆಯೂ ಪಾಳಿಯಿಂದಲೇ ಗೊತ್ತಾಗುವುದು. ನಡುರಾತ್ರಿಗೆ ಹೊರಡುವವನಿಗೆ ಅನ್ನವಿಕ್ಕಿ, ಅವನು ಹಗಲು ಮಲಗಿರುವಾಗ ಮಕ್ಕಳು ಸದ್ದುಮಾಡದಂತೆ ಕಾಯುವವಳು ಗೃಹಿಣಿ. ಅವನ ಸೇವಾಪುಸ್ತಕದಲ್ಲಿ ಆಕೆಯ ವರ್ಷಗಳಿಗೆ ಸ್ಥಳವಿಲ್ಲ.

ಪತಿಯು ತೀರಿದ ಬಳಿಕ ಇಂಥವಳಿಗೆ ದೊರೆಯುವ ಕುಟುಂಬ ವೇತನವು ಆಕೆಯ ಸ್ವಾರ್ಜಿತವೋ, ಮೃತನ ಹೆಸರಿನ ಅನುಗ್ರಹವೋ? ಕೇಂದ್ರ ಸರ್ಕಾರದ 1964ರ ಯೋಜನೆಯಲ್ಲಿ ವಿಧವೆಯು ಪುನರ್ವಿವಾಹವಾದೊಡನೆ ಅದು ನಿಲ್ಲುತ್ತಿದ್ದಿತು. ದುಡಿದುದಕ್ಕೆ ಸಂದ ಹಣವಾಗಿದ್ದರೆ ವಿವಾಹದಿಂದ ಅದು ಕಳೆದುಹೋಗುವುದೆಂತು?

ಇದು ಹಳೆಯ ತೊಡಕು. ವಿಭಕ್ತನಾದ ಅಪುತ್ರನ ಧನಕ್ಕೆ ಪತ್ನಿಯೇ ಮೊದಲ ಹಕ್ಕುದಾರಳೆಂದು ಮಿತಾಕ್ಷರೆಯಲ್ಲಿ ವಿಜ್ಞಾನೇಶ್ವರನು ನಿರ್ಣಯಿಸಿದನು. ಅವನ ಕಾಲಕ್ಕೆ ಅದು ದೊಡ್ಡ ಮಾತೇ ಸರಿ. ಆದರೂ ಅದು ಪತಿಯ ಧನ.

ನ್ಯೂಜಿಲೆಂಡಿನಲ್ಲಿ 65 ವರ್ಷ ತುಂಬಿ, ದೇಶದಲ್ಲಿ ನಿಯಮಿತ ಕಾಲ ನೆಲಸಿದ್ದರೆ ಸಾಕು, ಸ್ತ್ರೀಗೂ ತನ್ನ ಹೆಸರಿನಲ್ಲಿಯೇ ವೇತನವುಂಟು. ಜರ್ಮನಿಯಾದರೋ 1986ರಿಂದ, ಮಕ್ಕಳನ್ನು ಸಲಹಿದ ಕಾಲವನ್ನೂ ವೇತನದ ಲೆಕ್ಕಕ್ಕೆ ಹಿಡಿಯುತ್ತಿದೆ. ಮೊದಲನೆಯದು ಉದಾರವಾದುದು, ಎರಡನೆಯದು ಗೃಹಕೃತ್ಯವನ್ನು ದುಡಿಮೆಯೆಂದು ಕರೆಯುವುದರಿಂದ ಹೆಚ್ಚು ನ್ಯಾಯವಾದುದು.

ಕರ್ಣಾಟಕದ ಸಂಧ್ಯಾ ಸುರಕ್ಷಾ ಯೋಜನೆಯು 2007ರಿಂದ ವೃದ್ಧೆಗೆ ಆಕೆಯ ಹೆಸರಿನಲ್ಲಿಯೇ ಹಣವನ್ನು ಕೊಡುತ್ತಿದೆ. ಅದಕ್ಕಾಗಿ ಆಕೆಯು ತನ್ನ ಬಡತನವನ್ನು ರುಜುವಾತುಪಡಿಸಬೇಕು. ಒಲೆಯ ಮುಂದೆ ಕಳೆದ ವರ್ಷಗಳೆಷ್ಟೆಂದು ಯಾರೂ ಕೇಳರು.