ಉಪಕರಣ ಕೊಟ್ಟವನ ಹೊಣೆ

ಶ್ರಾವಕನು ತ್ಯಜಿಸಬೇಕಾದ ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದೆಂಬುದನ್ನು ನಾವೆಲ್ಲ ಪಾಠಶಾಲೆಯಲ್ಲಿಯೇ ಕಲಿತಿದ್ದೇವೆ. ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ ಮೊದಲಾದ ವಧಹೇತುಗಳನ್ನು ಪರರಿಗೆ ಕೊಡುವುದೇ ಹಿಂಸಾದಾನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ. ಸುಮಾರು ನಲವತ್ತು ವರ್ಷ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದ ನಾನು ಆ ಮಾತನ್ನು ಪ್ರತಿ ಪರ್ಯೂಷಣದಲ್ಲಿ ಕೇಳಿದ್ದೇನೆ, ಪ್ರತಿ ಬಾರಿಯೂ ಒಂದು ಸಮಾಧಾನ ಹೇಳಿಕೊಂಡಿದ್ದೇನೆ: ನಾನು ದಾನ ಮಾಡುವವನಲ್ಲ, ಬೆಲೆ ಪಡೆದು ಮಾರುವವನು, ಬಡಗಿಯ ಗರಗಸ ಆಯುಧವೂ ಅಲ್ಲ.

ಆ ಸಮಾಧಾನ ಕದಡಿದ್ದು ಒಂದು ಚಿಕ್ಕ ಪ್ರಸಂಗದಿಂದ. ನಮ್ಮ ಕಡೆಯ ಬಡಗಿಗಳು ಕಲ್ಲು ಕೊಯ್ಯುವ ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡು ಹಾಕಿ ಹಲಗೆ ಸೀಳುವುದು ಎಲ್ಲರಿಗೂ ತಿಳಿದದ್ದೇ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೀರಿ ಸುತ್ತುವ ಯಂತ್ರವದು. ಅದರ ಗಾರ್ಡು ಗೆರೆ ಕಾಣಲು ಅಡ್ಡಿಯಾಗುತ್ತದೆಂದು ಒಬ್ಬ ಪರಿಚಿತ ಬಡಗಿ ಹೇಳಿದಾಗ, ಅಂಗಡಿಯಲ್ಲಿಯೇ ಬಿಚ್ಚಿಸಿಕೊಟ್ಟೆ. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಆರು ತಿಂಗಳಲ್ಲಿ ಅವನ ಎಡಗೈಯ ಎರಡು ಬೆರಳು ಹೋದವು. ನೋಡಲು ಹೋದಾಗ ಅವನೇ ನನ್ನನ್ನು ಸಂತೈಸಿದ: “ನನ್ನ ಕೈಯ ತಪ್ಪು ಸಾವ್ಕಾರ್ರೇ, ನಿಮ್ಮದೇನೈತಿ?” ಈ ಮಾತು ನನಗೆ ಬಹುಕಾಲ ಆಸರೆಯಾಗಿತ್ತು.

ಮುಂದೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಅಳಿಯಂದಿರ ಗ್ಯಾರೇಜಿನಲ್ಲಿ ಒಂದು ಗರಗಸವನ್ನು ಕಂಡೆ. ಆ ದೇಶದಲ್ಲಿ ಡಾಕ್ಟರು, ಇಂಜಿನಿಯರು, ನಿವೃತ್ತರು ಮನೆಯಲ್ಲಿಯೇ ಮರಗೆಲಸದ ಕೋಣೆ ಮಾಡಿಕೊಂಡು ಮೇಜು, ಕಪಾಟುಗಳನ್ನು ತಾವೇ ಮಾಡುತ್ತಾರೆ. ಅವರ ಮುಖ್ಯ ಯಂತ್ರ ಟೇಬಲ್ ಸಾ. ಮೇಜಿನ ಅಡಿಯಲ್ಲಿ ಮೋಟಾರು, ಮೇಲೆ ಬ್ಲೇಡಿನ ಒಂದು ಭಾಗ. ಮರವನ್ನು ಕೈಯಿಂದ ಅದರತ್ತ ತಳ್ಳಬೇಕು. 10 ಅಂಗುಲದ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಗಂಟೆಗೆ ಸುಮಾರು 190 ಕಿಲೋಮೀಟರು. ಸೀಳಿದ ಮರ ಬ್ಲೇಡಿನ ಹಿಂಬದಿಯನ್ನು ಹಿಡಿದುಕೊಂಡರೆ, ಮೇಲೇರುವ ಹಲ್ಲುಗಳು ಹಲಗೆಯನ್ನು ಕೆಲಸಗಾರನತ್ತಲೇ ಎಸೆಯುತ್ತವೆ, ಕೈ ಬ್ಲೇಡಿನ ಮೇಲೆ ಜಾರುತ್ತದೆ. ಅಲ್ಲಿನ ಗ್ರಾಹಕ ಸುರಕ್ಷಾ ಆಯೋಗದ ಅಂದಾಜಿನಂತೆ ಈ ಬ್ಲೇಡು ತಗುಲಿ ತುರ್ತು ಚಿಕಿತ್ಸೆಗೆ ಹೋಗುವವರು ವರ್ಷಕ್ಕೆ ಸುಮಾರು 30,000.

ಅಳಿಯಂದಿರ ಗರಗಸ ಬೇರೆ ಬಗೆಯದು. ಆರೆಗಾನ್ ರಾಜ್ಯದ ಸ್ಟೀಫನ್ ಗ್ಯಾಸ್ ಎಂಬಾತ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಪೇಟೆಂಟ್ ವಕೀಲನಾಗಿದ್ದವನು, ಹವ್ಯಾಸದಿಂದ ಬಡಗಿ. 1999ರಲ್ಲಿ ಆತನಿಗೆ ಹೊಳೆದ ಉಪಾಯವಿದು: ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತವೊಂದನ್ನು ಹರಿಸುವುದು. ಒಣಮರ ವಿದ್ಯುತ್ತನ್ನು ಅಷ್ಟಾಗಿ ಒಯ್ಯದು, ಮನುಷ್ಯದೇಹ ಒಯ್ಯುತ್ತದೆ. ಚರ್ಮ ತಗುಲಿದೊಡನೆ ಸಂಕೇತ ಕುಗ್ಗುತ್ತದೆ, ಒಂದು ತಂತಿ ಕರಗುತ್ತದೆ, ಸ್ಪ್ರಿಂಗು ಅಲ್ಯೂಮಿನಿಯಂ ಗಟ್ಟಿಯೊಂದನ್ನು ಹಲ್ಲುಗಳಿಗೆ ಒತ್ತುತ್ತದೆ. ಸೆಕೆಂಡಿನ ಇನ್ನೂರನೆಯ ಒಂದು ಪಾಲಿನಷ್ಟು ಸಮಯದಲ್ಲಿ, ಒಂದು ಸುತ್ತೂ ಪೂರ್ಣಗೊಳ್ಳುವ ಮೊದಲೇ, ಬ್ಲೇಡು ನಿಂತು ಮೇಜಿನ ಕೆಳಗೆ ಇಳಿಯುತ್ತದೆ. ಬೆರಳಿನ ಬದಲಿಗೆ ಮಾಂಸದ ತುಂಡನ್ನೊಡ್ಡಿ ಆತ ಇದನ್ನು ಪ್ರದರ್ಶಿಸಿದನೆಂಬುದು ನಮಗೆ ಓದಲೂ ಕಸಿವಿಸಿ ತರುವ ವಿವರ. ಕೊನೆಗೆ ತನ್ನ ಬೆರಳನ್ನೇ ಒಡ್ಡಿದನೆಂಬುದನ್ನೂ ಹೇಳಬೇಕು.

ಆತ ದೊಡ್ಡ ಕಂಪನಿಗಳ ಬಾಗಿಲು ತಟ್ಟಿದ, ಒಪ್ಪಂದ ಕೂಡಿಬರಲಿಲ್ಲ. ಬೆಲೆ ಏರುತ್ತದೆ, ಹಸಿಮರ ತಗುಲಿದರೂ ಯಂತ್ರ ನಿಂತುಬಿಡುತ್ತದೆ, ಪ್ರತಿಬಾರಿ ಬ್ಲೇಡೂ ಹಾಳು ಎಂದು ತಯಾರಕರು ವಾದಿಸಿದರು. ಇವು ಸುಳ್ಳಲ್ಲ. ಸುರಕ್ಷಿತನೆಂದುಕೊಂಡವನು ಇನ್ನಷ್ಟು ಅಜಾಗರೂಕನಾದಾನೆಂಬುದೂ ಸುಳ್ಳೆನ್ನಲಾರೆ. ಆದರೆ ಇವೆಲ್ಲದರ ತಳದಲ್ಲಿದ್ದ ವಾದ ಒಂದೇ: ಬೆರಳು ಹೋದದ್ದು ಬಳಸಿದವನ ಪ್ರಮಾದದಿಂದ. ನನ್ನ ಬಡಗಿ ಔದಾರ್ಯದಿಂದ ಆಡಿದ ಮಾತನ್ನೇ ಇವರು ಲಾಭಕ್ಕಾಗಿ ಆಡಿದರು. ಅದನ್ನು ಓದಿದಾಗ ನನ್ನ ಆಸರೆ ಕುಸಿಯಿತು.

ಪ್ರಮಾದವೇ ಹಿಂಸೆಯ ಮೂಲವೆಂಬುದು ನಮ್ಮ ಸಿದ್ಧಾಂತ. ಆದರೆ ಯಾರ ಪ್ರಮಾದ? ದಣಿದ ಕೈ ಜಾರುವುದು ಕ್ಷಣದ ಪ್ರಮಾದ. ಅದು ಜಾರಿಯೇ ಜಾರುತ್ತದೆಂದು ತಿಳಿದಿದ್ದು, ತಡೆಯುವ ಉಪಾಯವೂ ತಿಳಿದಿದ್ದು, ಲೆಕ್ಕ ಹಾಕಿ ಸುಮ್ಮನಿರುವುದು ವರ್ಷಗಳ ಪ್ರಮಾದ. ಕೃತ, ಕಾರಿತ, ಅನುಮೋದಿತ ಎಂದು ಆಚಾರ್ಯರು ಮೂರಾಗಿ ಎಣಿಸಿದ್ದು ಇಂತಹ ಕಡೆ ಒಬ್ಬನ ತಲೆಗೇ ಎಲ್ಲವನ್ನೂ ಕಟ್ಟಬಾರದೆಂದೇ ಇರಬೇಕು. 2010ರಲ್ಲಿ ಬಾಸ್ಟನ್ನಿನ ಜ್ಯೂರಿಯೊಂದು ಗಾಯಗೊಂಡ ಕೂಲಿಗಾರನ ತಪ್ಪೂ ಇದೆಯೆಂದು ಒಪ್ಪಿ, ಆದರೂ ತಯಾರಕರು ಆತನಿಗೆ 15 ಲಕ್ಷ ಡಾಲರು ಕೊಡಬೇಕೆಂದಿತು. ಜೈನಶಾಸ್ತ್ರ ಓದದವರ ಈ ವಿವೇಕ ಗಮನಾರ್ಹ.

ಹಾಗೆಂದು ಶೋಧಕನೂ ನಿರ್ದೋಷಿಯೆಂದು ನಾನು ಹೇಳಲಾರೆ. 2004ರಿಂದ ಆತನ ಕಂಪನಿ ತಾನೇ ಗರಗಸ ಮಾರತೊಡಗಿತು. ಬ್ಲೇಡನ್ನು ಕೆಡಿಸದೆ ಇಳಿಸುವ ಯಂತ್ರವನ್ನು ಬಾಷ್ ಕಂಪನಿ ತಂದಾಗ, ಪೇಟೆಂಟ್ ಉಲ್ಲಂಘನೆಯೆಂದು ದೂರಿ 2017ರಲ್ಲಿ ಅದರ ಆಮದಿಗೆ ತಡೆ ತಂದಿತು. ಇಂತಹ ತಂತ್ರ ಕಡ್ಡಾಯವೆಂಬ ನಿಯಮ ಜಾರಿಯಾದರೆ ಮುಖ್ಯ ಪೇಟೆಂಟೊಂದನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವುದಾಗಿ ಕಂಪನಿ ಘೋಷಿಸಿದ್ದು 2024ರಲ್ಲಿ. ಬಿ.ಕಾಂ. ಓದುವಾಗ ಪೇಟೆಂಟನ್ನು ಆಸ್ತಿಯ ಕಡೆ ಬರೆಯಲು ಕಲಿತೆವು. ಅದನ್ನು ಹಿಡಿದಿಟ್ಟುಕೊಂಡಾಗ ಹೋದ ಬೆರಳುಗಳನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವಿರಲಿಲ್ಲ.

ನನ್ನ ಸಂಗತಿಯಲ್ಲಿ ಪೇಟೆಂಟೂ ಇರಲಿಲ್ಲ, ಸಾವಿರ ಡಾಲರೂ ಬೇಕಿರಲಿಲ್ಲ. ಯಂತ್ರದ ಜೊತೆಗೇ ಬಂದ ಗಾರ್ಡನ್ನು ಅಲ್ಲಿಯೇ ಬಿಡುವುದಷ್ಟೇ ಬೇಕಿತ್ತು. ಬಸದಿಯ ಜೀರ್ಣೋದ್ಧಾರಕ್ಕೆ ಬಡಗಿಗಳನ್ನು ಕರೆಸುವ ಟ್ರಸ್ಟಿನವರೂ ಅವರ ಯಂತ್ರಗಳನ್ನೊಮ್ಮೆ ನೋಡಬೇಕು; ಅವರು ಏನನ್ನೂ ಮಾರಿಲ್ಲ ನಿಜ, ಮಾಡಿಸುತ್ತಿರುವವರಂತೂ ಹೌದು.

ಈಗ ಅಂಗಡಿ ಮಗನದು. ಗಾರ್ಡು ಬಿಚ್ಚಿಕೊಡುವುದಿಲ್ಲವೆಂದು ಅವನಿಂದ ಮಾತು ಪಡೆದಿದ್ದೇನೆ. ಕಳೆದ ತಿಂಗಳು ನಾನು ಗಲ್ಲೆಯಲ್ಲಿ ಕುಳಿತಿದ್ದಾಗ ಒಬ್ಬ ಯುವಕ ಕಟ್ಟರು ಕೊಂಡು ಅದನ್ನೇ ಕೇಳಿದ. ಆಗದೆಂದೆ. ಆತ ಹಣ ವಾಪಸು ಪಡೆದು ಎದುರಿನ ಅಂಗಡಿಗೆ ಹೋದ. ಅಲ್ಲಿ ಸ್ಕ್ರೂಡ್ರೈವರು ತೆಗೆದುಕೊಂಡದ್ದು ನನ್ನ ಗಲ್ಲೆಗೇ ಕಾಣುತ್ತಿತ್ತು. ಮಗ ಏನೂ ಅನ್ನಲಿಲ್ಲ.